ಕಂಬದ ಮೇಲಿನ ದೂರು

ಎಲ್ಲ ಶುರುವಾದದ್ದು ಒಂದು ಬೀದಿದೀಪ ಕಣ್ಣು ಮಿಟುಕಿಸಿದ್ದರಿಂದ.

ಮೂಲೆಯ ಕಂಬದ ದೀಪ ಉರಿಯುತ್ತಿತ್ತು, ಆರುತ್ತಿತ್ತು, ಯೋಚನೆ ಮಾಡಿ ಮತ್ತೆ ಉರಿಯುತ್ತಿತ್ತು. ಎದುರುಮನೆಯ ಟೈಲರ್ ಅಕ್ಕ ಬಾಯಿಬಿಟ್ಟು ಹೇಳಿದ್ದರೆ ಬೀದಿದೀಪ ನೋಡಿಕೊಳ್ಳುವ ಲೈಟಣ್ಣ ಹೋಗ್ತಾ ಬರ್ತಾ ಸರಿಮಾಡಿಬಿಡುತ್ತಿದ್ದ. ಆದರೆ ಈಗ ಬಾಯಿಗೆಲ್ಲಿ ಬೆಲೆ? ಜನರ ಒಳಿತಿಗೆಂದು ನಗರಸಭೆ ‘ಬೀದಿಗಣ್ಣು’ ಎಂಬ ಆ್ಯಪ್ ತಂದಿತ್ತು. ಏನೇ ತೊಂದರೆ ಇರಲಿ, ಒಂದು ಫೋಟೊ ಹಾಕಿದರೆ ಸಾಕು. ನೆಲದ ಮೇಲಿನ ದೂರು ಕಸದ ಗಾಡಿಗೆ, ಕಂಬದ ಮೇಲಿನ ದೂರು ಲೈಟಣ್ಣನಿಗೆ ತಾನಾಗಿ ಹೋಗುತ್ತದೆ. ಸೂರ್ಯ ಮುಳುಗುವುದರೊಳಗೆ ಸರಿಯಾದರೆ ಹಸಿರು ಗುರುತು, ಇಲ್ಲದಿದ್ದರೆ ಕೆಂಪು. ಅಕ್ಕ ಅದರಲ್ಲೇ ದೀಪದ ಫೋಟೊ ಹಾಕಿದ್ದಳು.

ಲೈಟಣ್ಣನ ಲೆಕ್ಕದಲ್ಲಿ ಆಗಲೇ ಕೆಂಪು ಸಾಲುಗಟ್ಟಿದ್ದವು. ಸೂಪರ್‌ವೈಸರ್ ಬೆಳಿಗ್ಗೆಯೇ ಕರೆದು ಹೇಳಿದ್ದ: “ನೋಡಪ್ಪಾ, ಇನ್ನೊಂದು ಕೆಂಪು ಬಿತ್ತು ಅಂದ್ರೆ ನಾಳೆ ಕೆಲಸಕ್ಕೆ ಬರ್ಬೇಡ. ಮೆಷಿನ್ನೇ ಹೆಸರು ತೆಗೆದುಹಾಕತ್ತೆ. ನನ್ನ ಕೈಲಿ ಏನೂ ಇಲ್ಲ.”

ಅವನ ಕೈಯಲ್ಲಿ ಟೀ ಲೋಟ ಮಾತ್ರ ಇತ್ತು.

ಮಧ್ಯಾಹ್ನದ ಹೊತ್ತಿಗೆ ಲೈಟಣ್ಣ ಏಣಿ ಒರಗಿಸಿ ಕಂಬ ಹತ್ತಿದ. ಕಂಬದ ನಡುವಿಗೆ ಮುಳ್ಳುತಂತಿ ಸುತ್ತಿತ್ತು. ಯಾರೂ ಹತ್ತಬಾರದೆಂದು ಈ ಬೀದಿಯವರು ದೂರು ಕೊಟ್ಟಿದ್ದರು. ಅದನ್ನು ಸುತ್ತಿದವನೂ ಅವನೇ. ತಂತಿ ದಾಟಿ, ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು, ಬಾಯಲ್ಲಿ ಸ್ಕ್ರೂಗಳನ್ನು ಕಚ್ಚಿ ದೀಪದ ಹೊಟ್ಟೆ ಬಿಚ್ಚಿದ.

ಆಗಲೇ ಕೆಳಗೆ ವಿಮೆ ಮಾವನ ಆಗಮನವಾಯಿತು. ಜೀವಮಾನವೆಲ್ಲ ವಿಮೆ ಮಾರಿ ನಿವೃತ್ತನಾದ ಆ ಮನುಷ್ಯನಿಗೆ ಬೀದಿಗಣ್ಣು ‘ಮಾದರಿ ನಾಗರಿಕ’ ಎಂಬ ಪದವಿ ಕೊಟ್ಟಿತ್ತು. ಅಂದಿನಿಂದ ಆತ ದಿನಕ್ಕೊಂದು ದೂರು ಹಾಕದೆ ಅನ್ನ ಮುಟ್ಟುತ್ತಿರಲಿಲ್ಲ. ಏಣಿಯನ್ನು ಕಂಡ. ಅದು ನಡೆಯುವ ದಾರಿಗೆ ಅಡ್ಡವಾಗಿತ್ತು. ಫೋಟೊ ಹೊಡೆದ.

ಕಸಕ್ಕೆಂದು ಎಂದೂ ಹೊತ್ತಿಗೆ ಬಾರದ ಗಾಡಿ ಅವತ್ತು ಪುಕ್ಕಟೆ ಊಟಕ್ಕೆ ಕರೆದಂತೆ ಓಡಿಬಂತು. ಲೈಟಣ್ಣ ಮೇಲಿಂದ “ಊಂ! ಊಂಊಂ!” ಎಂದು ಹೊಯ್ದಾಡಿದ. ಸ್ಕ್ರೂ ಉಗುಳಿದರೆ ದೀಪ ಉರಿಯುವುದಿಲ್ಲ, ಉಗುಳದಿದ್ದರೆ ಏಣಿ ಉಳಿಯುವುದಿಲ್ಲ. ಅವನು ಸ್ಕ್ರೂಗಳನ್ನು ಅಂಗೈಗೆ ಉಗುಳಿಕೊಂಡು “ನಿಲ್ಸ್ರೋ!” ಎನ್ನುವಷ್ಟರಲ್ಲಿ ಏಣಿ ಹೊತ್ತ ಗಾಡಿ ತಿರುವು ದಾಟಿತ್ತು.

“ಅಯ್ಯೋ, ನೀನು ಮೇಲಿದ್ಯಾ?” ಎಂದ ವಿಮೆ ಮಾವ. “ಫೋಟೊದಲ್ಲಿ ಏಣಿ ಅಷ್ಟೇ ಬಿದ್ದಿತ್ತು ಕಣಯ್ಯಾ.”

“ಮಾವಾ, ನಿಮ್ಮ ದಮ್ಮಯ್ಯ. ಯಾರ ಮನೇಲಾದ್ರೂ ಒಂದು ಏಣಿ ಕೇಳಿ ತನ್ನಿ.”

“ತಡಿ ತಡಿ. ಹಾಗೆಲ್ಲ ಮನೆಮನೆ ಬಾಗಿಲು ಬಡಿಯೋ ಕಾಲ ಹೋಯ್ತು. ಆ್ಯಪ್ ಇರೋದ್ಯಾಕೆ?”

ಫೋಟೊ ಹೊಡೆದು ಬರೆದ: ‘ಕಂಬದ ಮೇಲೆ ಮನುಷ್ಯ ಸಿಕ್ಕಿಕೊಂಡಿದ್ದಾನೆ. ತುರ್ತು.’

ಲೈಟಣ್ಣನ ಜೇಬು ನಡುಗಿತು. ಫೋನು ತೆಗೆದು ನೋಡಿದ. ‘ಹೊಸ ದೂರು. ಜವಾಬ್ದಾರಿ: ನಿಮ್ಮದು. ಗಡುವು: ಸೂರ್ಯಾಸ್ತ.’

“ಮಾವಾ! ಇದು ನನಗೇ ಬಂತು!”

“ಬರ್ಲೇಬೇಕಲ್ಲ. ಕಂಬದ ಮೇಲಿಂದು ನಿಂದೇ ತಾನೇ? ಎಷ್ಟು ಶಿಸ್ತಾಗಿ ಮಾಡಿದಾರೆ ನೋಡು!”

ಲೈಟಣ್ಣ ಲೆಕ್ಕ ಹಾಕಿದ. ದೀಪ ಸರಿಯಾದರೂ ಅವನು ಇಳಿಯದಿದ್ದರೆ ಕೆಂಪು. ಕೆಂಪು ಬಿದ್ದರೆ ನಾಳೆ ಕೆಲಸವಿಲ್ಲ. ದೀಪದ ಹೊಟ್ಟೆ ಮುಚ್ಚಿ ಸ್ಕ್ರೂ ಬಿಗಿದ. ಅಷ್ಟರಲ್ಲಿ ಜನ ಸೇರಿದರು. ಎಲ್ಲರೂ ಫೋನು ಎತ್ತಿ ‘ನನಗೂ ಇದೇ ತೊಂದರೆ’ ಎಂಬ ಗುಂಡಿ ಒತ್ತತೊಡಗಿದರು. ಒಂದೊಂದು ಸಲ ಒತ್ತಿದಾಗಲೂ ಲೈಟಣ್ಣನ ಫೋನು ಹಾವು ಕಂಡ ಕಪ್ಪೆಯಂತೆ ಕಿರುಚಿತು.

“ಒತ್ಬೇಡ್ರೀ! ನಾನು ಇಲ್ಲಿ ನೇತಾಡಿದ್ರೆ ನಿಮಗೇನ್ರೀ ತೊಂದರೆ?”

“ನೋಡೋಕಾಗಲ್ಲ ಕಣೋ. ಕರುಳು ಚುರ್ ಅನ್ನತ್ತೆ,” ಎಂದು ಟೈಲರ್ ಅಕ್ಕ ಇನ್ನೊಮ್ಮೆ ಒತ್ತಿದಳು.

ಸೂಪರ್‌ವೈಸರ್ ಫೋನು ಬಂತು. “ಏನಪ್ಪಾ, ಯಾರೋ ಕಂಬದ ಮೇಲೆ ಸಿಕ್ಕಿಕೊಂಡಿದ್ದಾರಂತೆ, ನಿನ್ನ ಹೆಸರಲ್ಲಿ ದೂರಿದೆ. ಎಲ್ಲಿದ್ದೀಯ?”

“ಕಂಬದ ಹತ್ರಾನೇ ಸರ್.”

“ಮತ್ತೆ ನೋಡ್ತಾ ನಿಂತಿದ್ದೀಯಾ? ಬೇಗ ಇಳಿಸು ಅವನನ್ನ.”

“ಅವನೇ ನಾನು ಸರ್.”

ಆ ಕಡೆ ಒಂದು ಗುಟುಕು ಟೀ ಇಳಿದ ಸದ್ದು. “ಅದು ನಿಮ್ಮಿಬ್ಬರ ವಿಷಯ. ನನಗೆ ಹಸಿರು ಬೇಕು.”

“ಒಂದು ಏಣಿ ಕಳಿಸಿ ಸರ್!”

“ಆ್ಯಪಲ್ಲಿ ಅರ್ಜಿ ಹಾಕು. ನಾಳೆ ಮಂಜೂರಾಗತ್ತೆ.”

ಫೋನು ಇಟ್ಟರೆ ಹೆಂಡತಿಯದು. “ರೀ, ಎಲ್ಲರ ಮೊಬೈಲಲ್ಲೂ ನೀವೇ ಇದ್ದೀರಲ್ರೀ! ಕಂಕುಳಲ್ಲಿ ಶರ್ಟು ಹರಿದಿದೆ. ಕೈ ಇಳಿಸ್ಕೊಂಡು ನಿಂತ್ಕೊಳ್ಳಿ.”

“ಕೈ ಇಳಿಸಿದ್ರೆ ನಾನೇ ಇಳೀತೀನಿ ಕಣೇ, ಒಂದೇ ಸಲಕ್ಕೆ!”

“ಹೇಗಾದ್ರೂ ಮಾಡಿ ಕೆಲಸ ಒಂದು ಉಳಿಸ್ಕೊಳ್ಳಿ. ಮಗೂಗೆ ಕನ್ನಡಕ ಬೇರೆ ಆಗ್ಬೇಕು.”

ಸೂರ್ಯ ಎದುರುಮನೆಯ ನೀರಿನ ಟ್ಯಾಂಕಿನ ಹಿಂದಕ್ಕೆ ಜಾರತೊಡಗಿದ. ಲೈಟಣ್ಣ ಒಮ್ಮೆ ಜಾರಿ ಇಳಿಯಲು ನೋಡಿದ. ಮುಳ್ಳುತಂತಿ ಪ್ಯಾಂಟನ್ನು ಹಿಡಿದು ವಿಚಾರಿಸಿಕೊಂಡಿತು. ಮತ್ತೆ ಮೇಲಕ್ಕೇ ಹೋದ. ಬೆವರು ಮೂಗಿನ ತುದಿಯಿಂದ ವಿಮೆ ಮಾವನ ಬೋಳುತಲೆಗೆ ತೊಟ್ಟಿಕ್ಕಿತು. ಮಾವ ಆಕಾಶ ನೋಡಿ ಎರಡು ಹೆಜ್ಜೆ ಸರಿದು ನಿಂತ.

ಕೊನೆಗೆ ಟೈಲರ್ ಅಕ್ಕನ ಮನಸ್ಸು ಕರಗಿತು. “ಸಾಕು ನಿಲ್ಸ್ರೀ! ಬಡಪಾಯಿ ಕೆಲಸ ಹೋಗತ್ತೆ. ಬೀದಿ ಜನ ನಾವೆಲ್ಲ ಇದ್ದೂ ಹಾಗೆ ಬಿಡೋದಾ?”

ಲೈಟಣ್ಣನ ಕಣ್ಣಲ್ಲಿ ನೀರು ಬಂತು. ಅಂತೂ ಒಬ್ಬರಿಗೆ ಬುದ್ಧಿ ಬಂತಲ್ಲ!

“ಲೈಟಣ್ಣಾ, ಸ್ವಲ್ಪ ಆ ಕಡೆ ವಾಲು,” ಎಂದಳು ಅಕ್ಕ. ಅವನು ವಾಲಿದ. “ಇನ್ನೂ. ಕಾಲು ಮಡಚ್ಕೋ. ತಲೆ ಹಿಂದಕ್ಕೆ ತಗೋ.”

ಏಣಿ ಯಾವ ಕಡೆಯಿಂದ ಬರುತ್ತದೋ ಎಂದು ಅವನು ಬಾವಲಿಯಂತೆ ಕಂಬದ ಆ ಬದಿಗೆ ಮುದುಡಿಕೊಂಡ. ಅಷ್ಟರಲ್ಲಿ ಬೀದಿಯ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಮೂಲೆಯ ದೀಪವೂ ಹೊತ್ತಿತು, ಒಂದಿಷ್ಟೂ ಮಿಟುಕಿಸಲಿಲ್ಲ.

ಕ್ಲಿಕ್.

ಫೋಟೊ ಅಚ್ಚುಕಟ್ಟಾಗಿ ಬಂದಿತ್ತು. ಕಂಬವಿತ್ತು, ಬೆಳಗುವ ದೀಪವಿತ್ತು, ಶುಭ್ರ ಆಕಾಶವಿತ್ತು. ಮನುಷ್ಯ ಇರಲಿಲ್ಲ.

“ಎಲ್ಲರೂ ‘ಹೌದು, ಸರಿಯಾಗಿದೆ’ ಒತ್ತಿ, ಬೇಗ!” ಎಂದು ಅಕ್ಕ ಕೂಗಿದಳು. ಒತ್ತಿದರು. ಲೈಟಣ್ಣನ ಫೋನಿನಲ್ಲಿ ಎರಡು ಹಸಿರು ಗುರುತು ಮೂಡಿದವು. ಕೆಳಗೆ ಚಪ್ಪಾಳೆಯೋ ಚಪ್ಪಾಳೆ. ವಿಮೆ ಮಾವ ಕಣ್ಣೊರೆಸಿಕೊಂಡ.

“ಏಣೀ... ಅಕ್ಕಾ, ಏಣೀ...”

“ಇನ್ನೇನೂ ಹೆದರ್ಬೇಡ, ಹಸಿರಾಯ್ತು!” ಎಂದಳು ಅಕ್ಕ. “ಬರ್ತೀನಪ್ಪಾ, ಒಲೆ ಮೇಲೆ ಹಾಲಿಟ್ಟಿದ್ದೀನಿ.”

ಒಬ್ಬೊಬ್ಬರಾಗಿ ಹೋದರು. ಒಳ್ಳೆಯ ಕೆಲಸ ಮಾಡಿದವರ ನಡಿಗೆಯೇ ಬೇರೆ. ಬಾಗಿಲುಗಳು ಮುಚ್ಚಿಕೊಂಡವು. ಟೀವಿಗಳು ಮಾತಾಡತೊಡಗಿದವು. ಲೈಟಣ್ಣ ಎಷ್ಟು ಕೂಗಿದರೂ ಟೀವಿಯ ಗಂಟಲೇ ದೊಡ್ಡದಾಗಿತ್ತು.

ಬೇರೆ ದಾರಿ ಕಾಣದೆ ಅವನೇ ಆ್ಯಪ್ ತೆರೆದು ‘ಕಂಬದ ಮೇಲೆ ಸಿಕ್ಕಿಕೊಂಡಿದ್ದೇನೆ’ ಎಂದು ಬರೆದ. ಪರದೆ ಬಿಡಿಸಿ ಹೇಳಿತು: ‘ಈ ದೂರು ಪರಿಹಾರವಾಗಿದೆ. ಸೂರ್ಯಾಸ್ತದ ನಂತರ ಮತ್ತೆ ತೆರೆದರೆ ಜವಾಬ್ದಾರರಿಗೆ ಕೆಂಪು ಗುರುತು. ತೆರೆಯಬೇಕೇ?’

ಲೈಟಣ್ಣ ಬೆಂಕಿ ಮುಟ್ಟಿದವನಂತೆ ಬೆರಳು ಹಿಂದಕ್ಕೆಳೆದುಕೊಂಡ.

ಆ ಹೊತ್ತಿಗೆ ದಾರಿಹೋಕನೊಬ್ಬ ಕಂಬದ ಬುಡದಲ್ಲಿ ನಿಂತು ತಲೆ ಎತ್ತಿದ. “ಯಾರ್ರೀ ಅದು ಮೇಲೆ? ಸಿಕ್ಕಿಕೊಂಡಿದ್ದೀರಾ?” ಎನ್ನುತ್ತಾ ಜೇಬಿಗೆ ಕೈಹಾಕಿ ಫೋನು ತೆಗೆದ.

“ಇಲ್ಲ ಸ್ವಾಮೀ, ಇಲ್ಲ!” ಲೈಟಣ್ಣ ಕಂಬವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡ. “ತಂಗಾಳಿ ಚೆನ್ನಾಗಿದೆ ಅಂತ ಬಂದಿದ್ದೀನಿ. ನೀವು ನಡೀರಿ.”