ಹೊಸ ಕೇಬಲ್ಲು, ಹಳೇ ಕಿವಿ

ಕಿವಿಪರೀಕ್ಷೆ ಮಾಡುವವಳನ್ನು ಯಾವ ಗಂಡಸೂ ಮದುವೆಯಾಗಬಾರದು ಎಂಬ ಜ್ಞಾನೋದಯ ಗ್ರಂಥಪಾಲಕರಿಗೆ ಆದದ್ದು ಒಂದು ಭಾನುವಾರ ಬೆಳಿಗ್ಗೆ, ಕಣ್ಣಿಗೆ ಟವೆಲ್ ಕಟ್ಟಿಸಿಕೊಂಡು ಕೂತಿದ್ದಾಗ.

ಎಲ್ಲಕ್ಕೂ ಕಾರಣ ಸ್ಪೀಕರಿನ ಹೊಸ ಕೇಬಲ್ಲು. ಹೆಬ್ಬೆರಳಿನಷ್ಟು ದಪ್ಪ, ತುದಿಗೆ ಬಂಗಾರದ ಲೇಪದ ಪಿನ್ನು. ಅದು ಬಂದಂದಿನಿಂದ ಹಾಡುವವಳು ಉಸಿರೆಳೆದುಕೊಳ್ಳುವುದೂ ತಮಗೆ ಕೇಳಿಸುತ್ತಿದೆ ಎಂದು ಮನೆಗೆ ಬಂದವರಿಗೆಲ್ಲ ಸಾರುತ್ತಿದ್ದರು. (ಅದೇ ಕೋಣೆ ಗುಡಿಸುವಾಗ ಹೆಂಡತಿ ಬಿಡುತ್ತಿದ್ದ ನಿಟ್ಟುಸಿರು ಮಾತ್ರ ಆ ಕಿವಿಯ ವ್ಯಾಪ್ತಿಗೆ ಬರುತ್ತಿರಲಿಲ್ಲ.)

"ನಿನಗೆ ಗೊತ್ತಾಗಲ್ಲ ಬಿಡೆ. ಅದಕ್ಕೆ ಪಳಗಿದ ಕಿವಿ ಬೇಕು," ಎಂದುಬಿಟ್ಟರು ಒಮ್ಮೆ. ಆಸ್ಪತ್ರೆಯಲ್ಲಿ ದಿನಕ್ಕೆ ಇಪ್ಪತ್ತು ಜೋಡಿ ಕಿವಿ ಪರೀಕ್ಷಿಸುವವಳಿಗೆ ಈ ಮಾತು!

"ಆಯ್ತು ರೀ, ಪರೀಕ್ಷೆ ಮಾಡೇಬಿಡೋಣ. ನಿಮ್ಮ ಕಣ್ಣು ಕಟ್ಟಿ ಹತ್ತು ಸಲ ಹಾಡು ಹಾಕ್ತೀನಿ. ಪ್ರತಿ ಸಲ ಕೇಬಲ್ಲು ಹಳೇದೋ ಹೊಸದೋ ನೀವು ಹೇಳಿ. ಹತ್ತರಲ್ಲಿ ಎಂಟು ಸರಿಯಾದ್ರೆ ಈ ಸ್ಪೀಕರಿನ ಸಂದುಗೊಂದು ಜನ್ಮಪೂರ್ತಿ ನಾನೇ ಒರೆಸ್ತೀನಿ, ಕಮಕ್ ಕಿಮಕ್ ಅನ್ನಲ್ಲ."

"ತಪ್ಪಿದ್ರೆ?"

"ಭಾನುವಾರದ ಗುಡಿಸೋದು, ಒರೆಸೋದು, ಬಟ್ಟೆ ಎಲ್ಲಾ ನಿಮ್ದು. ಆ ಕುರ್ಚಿ ನಂದು."

ಆ ಕುರ್ಚಿ ಎಂದರೆ ಎರಡೂ ಸ್ಪೀಕರಿಗೆ ಸರಿಯಾಗಿ ನಡುವೆ, ಟೇಪು ಹಿಡಿದು ಅಳೆದು ಇಟ್ಟ ಸಿಂಹಾಸನ. ಮನೆಯಲ್ಲಿ ಬೇರೆಯವರು ಅದನ್ನು ಒರೆಸಿದ್ದುಂಟು, ಕೂತದ್ದಿಲ್ಲ.

ಸ್ಪೀಕರಿನ ಕಡೆ ಸರಬರ ಸದ್ದು, ಆಮೇಲೆ ಹಾಡು.

"ಹಳೇದು! ಕಂಬಳಿ ಹೊದ್ದು ಹಾಡಿದ ಹಾಗಿದೆ."

ಮತ್ತೆ ಸರಬರ, ಮತ್ತೆ ಹಾಡು.

"ಹೊಸದು! ಮುಸುಕು ತೆಗೆದ ಹಾಗಾಯ್ತು ನೋಡು!"

ಹತ್ತೂ ಮುಗಿಸಿ ದಿಗ್ವಿಜಯದ ನಗೆಯೊಡನೆ ಟವೆಲ್ ಬಿಚ್ಚಿದರೆ, ಹೆಂಡತಿ ನೆಲದ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಸರಬರ ಸದ್ದು ಬೆಡ್‌ಶೀಟಿನದು.

"ಹತ್ತು ಸಲವೂ ಹಳೇದೇ. ಮಂಗಳವಾರದಿಂದ್ಲೂ ಹಳೇದೇ. ಪೊರಕೆಗೆ ಸಿಕ್ಕಿ ನಿಮ್ಮ ಹೊಸದು ಕಿತ್ತು ಬಂತು. ಹಳೇದರ ತುದಿ ಕಿಲುಬು ಹಿಡಿದಿತ್ತು, ಉಜ್ಜಿ, ತಿರುಪು ಬಿಗಿ ಮಾಡಿ ಹಾಕ್ದೆ."

"ಹೊಸದೆಲ್ಲಿ?"

"ಒಗೆಯೋ ಬಟ್ಟೆ ಬುಟ್ಟಿ ತಳದಲ್ಲಿ. ನಿಮ್ಮ ಕೈಗೆ ಸಿಗಬಾರದಲ್ಲ."

"ಇದು ಮೋಸ ಕಣೆ!"

"ಹತ್ತು ಸಲವೂ ಹಳೇದು ಅಂದಿದ್ರೆ ನೀವೇ ಗೆದ್ದಿರ್ತಿದ್ರಿ."

ಗ್ರಂಥಪಾಲಕರ ದನಿ ಸಣ್ಣಗಾಯಿತು. "ನಂಗೆ ನಿಜವಾಗ್ಲೂ ಕೇಳಿಸ್ತು ಕಣೆ."

ಅವಳು ಮಡಿಸುವುದನ್ನು ನಿಲ್ಲಿಸಿದಳು. "ಕೇಳಿಸಿರುತ್ತೆ. ನಾನು ಸದ್ದೇ ಹಾಕದೆ ಇದ್ದಾಗ್ಲೂ ಕೇಳಿಸ್ತು ಅಂತ ಗುಂಡಿ ಒತ್ತೋರನ್ನ ಆಸ್ಪತ್ರೇಲಿ ದಿನಾ ನೋಡ್ತೀನಿ. ಪಾಪ, ಸುಳ್ಳು ಹೇಳೋರಲ್ಲ. ಕಾಯ್ತಾ ಕೂತ ಕಿವಿಗೆ ಕಾದದ್ದು ಕೇಳಿಸುತ್ತೆ. ಅದಿರ್ಲಿ, ಬಟ್ಟೆ ಒಗೆಯೋ ಮಿಷಿನ್ನು ಆಗಲೇ ಮೂರು ಸಲ ಕೂಗಿತು. ಕೇಳಿಸ್ತಾ?"

"...ಇಲ್ಲ."

"ಜಾಣಕಿವುಡು. ಇದಕ್ಕೆ ಕಿವಿಗಿಡೋ ಯಂತ್ರ ಇಲ್ಲ. ಅಭ್ಯಾಸವೇ ಮದ್ದು."

ಮುಂದಿನ ಭಾನುವಾರ ಅವಳು ಸಿಂಹಾಸನದಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿದ್ದಳು. ಗುಡಿಸಿ, ಒರೆಸಿ, ಮಿಷಿನ್ನಿನ ಮೊದಲ ಕೂಗಿಗೇ ಓಡಿ, ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಬಂದ ಗ್ರಂಥಪಾಲಕರು ಬಾಗಿಲಲ್ಲೇ ನಿಂತುಬಿಟ್ಟರು. ಕಿವಿ ನಿಮಿರಿತು.

"ಏನೇ, ಹೊಸ ಕೇಬಲ್ ಹಾಕಿದ್ಯಾ? ಹಾಡೋಳು ಉಸಿರಾಡೋದು ಎಷ್ಟು ಸ್ಪಷ್ಟವಾಗಿ ಕೇಳಿಸ್ತಿದೆ!"

"ಹಾಡು ಇನ್ನೂ ಹಾಕೇ ಇಲ್ಲ ರೀ," ಅವಳು ಕಣ್ಣು ತೆರೆಯದೆ ಹೇಳಿದಳು. "ಅದು ನಿಮ್ಮದೇ ಏದುಸಿರು."