ಹೆಣ್ಣು ನೋಡುವ ಶಾಸ್ತ್ರಕ್ಕೆ ಒಂದು ಎಕ್ಸ್‌ರೇ

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಒಂದು ಎಕ್ಸ್‌ರೇ ವಿವರಿಸುವುದು ಏನು ಮಹಾ ಕಷ್ಟ ಎಂದುಕೊಂಡಿದ್ದೆ.

ವಿಜಯನಗರದಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ನನ್ನ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ರಾಜಾಜಿನಗರದ ಡಾಕ್ಟರು ಎಕ್ಸ್‌ರೇ ತೆಗೆಸಿ, "ಮೂಳೆಗೇನೂ ಆಗಿಲ್ಲಮ್ಮ, ಬರೀ ಉಳುಕು" ಎಂದು ಪಟ್ಟಿ ಸುತ್ತಿದರು. ಆ ಭಾನುವಾರವೇ ನನ್ನನ್ನು ನೋಡಲು ಗಂಡಿನವರು ಬರುವುದಿತ್ತು.

"ಪಟ್ಟಿ ಬಿಚ್ಚೇ, ಕೈ ಮುರಿದ ಹುಡುಗಿ ಅಂತಾರೆ" ಎಂದರು ಅಮ್ಮ.

"ಮುಚ್ಚಿಡೋದ್ಯಾಕಮ್ಮ? ಎಕ್ಸ್‌ರೇನೇ ತೋರಿಸೋಣ."

ಸಾಕ್ಷ್ಯಾಧಾರಗಳಲ್ಲಿ ನನಗೆ ಅಷ್ಟು ನಂಬಿಕೆ!

ಗಂಡಿನವರು ಬಂದರು. ಉಪ್ಪಿಟ್ಟಿನ ತಟ್ಟೆಗಳನ್ನು ನನ್ನ ಬದಲು ಅಮ್ಮ ತಂದದ್ದು ಕಂಡು ಗಂಡಿನ ತಾಯಿಯ ಹುಬ್ಬು ಮೇಲೇರಿತು. ನಾನು ಎದ್ದು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ.

"ಅಯ್ಯೋ ಶಿವನೇ! ಮಣಿಕಟ್ಟೆಲ್ಲ ಚೂರುಚೂರಾಗಿದೆಯಲ್ರೀ!" ಎಂದರು ಆಕೆ.

"ಹಾಗಲ್ಲ. ಅಲ್ಲಿ ಎಲ್ಲರಿಗೂ ಎಂಟು ಸಣ್ಣ ಮೂಳೆ ಇರುತ್ವೆ. ನಡುವಿನ ಮೆದು ಭಾಗ ಎಕ್ಸ್‌ರೇಲಿ ಕಾಣಲ್ಲ, ಅದಕ್ಕೇ ಬಿಡಿಬಿಡಿಯಾಗಿ ಕಾಣ್ಸುತ್ತೆ."

"ಎಲ್ಲರಿಗೂನಾ? ನನ್ನ ಮಗನಿಗೆ ಹಂಗೇನಿಲ್ಲಮ್ಮ!"

ನನ್ನ ಬೆನ್ನ ಹಿಂದೆ ಹುಡುಗ ನಕ್ಕರು. ಕುಹಕವಿಲ್ಲದ, ತುಂಬು ನಗು. "ನನ್ನದೂ ತೆಗೆಸ್ತೀನಿ ಬಿಡಮ್ಮ. ಒಳಗೇನಿದೆ ಅಂತ ಇವರನ್ನೇ ಕೇಳೋಣ."

ನಾನು ಪಾಠ ಮರೆತೆ. ಅಂದಿನಿಂದ ಬಾಗಿಲು ಸದ್ದಾದಾಗಲೆಲ್ಲ, ಬಂದವರು ಹಾಲಿನವಳೇ ಆದರೂ, ಎದೆ ಹೊಡೆದುಕೊಳ್ಳತೊಡಗಿತು.

ಹುಡುಗ ಮಾತಿನಂತೆ ಅದೇ ಡಾಕ್ಟರ ಬಳಿ ಎಕ್ಸ್‌ರೇ ತೆಗೆಸಿಕೊಂಡರು. ಮುಂದಿನ ಭಾನುವಾರ ಅದನ್ನು ಹಿಡಿದು ತಾಯಿ ಒಬ್ಬರೇ ಬಂದರು; ಮಗನಿಗೆ ಡ್ಯೂಟಿಯಂತೆ. "ಇವನಿಗೂ ಎಂಟೇ ಇದೆಯಂತೆ. ನೀನು ಹೇಳಿದ್ದೇ ನಿಜ ಕಣಮ್ಮ" ಎಂದು ನಕ್ಕರು. ಅಮ್ಮ ಅವರ ಕಾಫಿಗೆ ಸಕ್ಕರೆಯನ್ನು ಧಾರಾಳವಾಗಿ ಹಾಕಿದರು. ಇಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮದುವೆಯಾಗಿರುತ್ತಿತ್ತು!

ಆದರೆ ಫಿಲ್ಮ್ ನನ್ನ ಕೈಗೆ ಬಂತಲ್ಲ. ಕಿಟಕಿಗೆ ಹಿಡಿದೆ. ಮುಂಗೈ ಮೂಳೆಯ ಮೇಲೆ ಹಳೆಯದೊಂದು ಗುರುತು.

"ನೋಡಿ, ಚಿಕ್ಕವರಿದ್ದಾಗ ಇಲ್ಲಿ ಮುರಿದಿರಬೇಕು. ಕೂಡ್ಕೊಂಡಿದೆ. ಆದ್ರೆ ಸ್ವಲ್ಪ ಓರೆ."

ನನ್ನನ್ನು ಯಾರೂ ಕೇಳಿರಲಿಲ್ಲ.

"ಓರೆಯಂತೆ! ಹುಡುಗೀನ ನೋಡಕ್ಕೆ ಬಂದ್ರೆ ಹುಡುಗನ ಮೂಳೇಲಿ ಐಬು ಹುಡುಕ್ತೀಯಲ್ಲಮ್ಮ!"

ಕಾಫಿಯನ್ನು ಹಾಗೇ ಬಿಟ್ಟು ಎದ್ದರು. ಅಪ್ಪ ಕೈ ಮುಗಿಯುತ್ತ ಗೇಟಿನವರೆಗೂ ಹೋದರು. "ಪಾಠ ಹೇಳೋಕೆ ಕಾಲೇಜಿಲ್ವೇನೇ ನಿಂಗೆ?" ಎಂದು ಅಮ್ಮ ಒಳಗೆ ಹೋದರು. ಸಿಟ್ಟಿನಲ್ಲಿ ಹುಡುಗನ ತಾಯಿ ಫಿಲ್ಮನ್ನು ನಮ್ಮಲ್ಲೇ ಮರೆತಿದ್ದರು.

ಅದನ್ನು ಹಿಂದಿರುಗಿಸಬೇಕು. ಅಪ್ಪ ನೆನಪಿಸಿದಾಗಲೆಲ್ಲ "ನಾಳೆ" ಎನ್ನುತ್ತೇನೆ. ಮನೆಯಲ್ಲಿ ಯಾರೂ ಇಲ್ಲದಾಗ ಮತ್ತೆ ಬೆಳಕಿಗೆ ಹಿಡಿಯುತ್ತೇನೆ. ಎಲ್ಲಿಂದ ಬಿದ್ದರೋ, ಅತ್ತರೋ, ಯಾರು ಎತ್ತಿಕೊಂಡು ಓಡಿದರೋ? ಎಕ್ಸ್‌ರೇ ಅದನ್ನೆಲ್ಲ ಹೇಳುವುದಿಲ್ಲ. ಕೇಳೋಣವೆಂದರೆ ಅವರು ಎದುರಿಗಿಲ್ಲ.

ಅವರು ಬಿನ್ನಿಪೇಟೆ ಕಡೆಯ ಬಸ್ಸಿನಲ್ಲೇ ಓಡಾಡುತ್ತಾರಂತೆ. ನಾನೂ ಅದೇ ಬಸ್ಸು ಹಿಡಿಯತೊಡಗಿದ್ದೇನೆ. ಕಂಬಿ ಹಿಡಿದ ಗಂಡಸರ ಕೈಗಳನ್ನೆಲ್ಲ ಕದ್ದು ನೋಡುತ್ತೇನೆ. ಏನೂ ಪ್ರಯೋಜನವಿಲ್ಲ. ಏಕೆಂದರೆ ಹೆಣ್ಣು ನೋಡಲು ಬಂದ ದಿನ, ಮರ್ಯಾದಸ್ಥರ ಮನೆಯ ಹುಡುಗಿಯಾಗಿ, ನಾನು ತಲೆಯೆತ್ತಿ ಅವರ ಮುಖವನ್ನೇ ನೋಡಿರಲಿಲ್ಲ. ಇಡೀ ಬಸ್ಸಿಗೆ ಎಕ್ಸ್‌ರೇ ತೆಗೆಸಿದರೆ ಮಾತ್ರ ಅವರನ್ನು ಗುರುತು ಹಿಡಿದೇನು!