ಹೊರಗಿನಿಂದ ಬೀಗ

ಕೊಪ್ಪಳದಲ್ಲಿ ಸಾಹಿತ್ಯಕ್ಕೆ ನಮ್ಮ ಸೋದರತ್ತೆಯಷ್ಟು ಸೇವೆ ಮಾಡಿದವರು ಇನ್ನೊಬ್ಬರಿಲ್ಲ. ಆಕೆ ಒಂದಕ್ಷರ ಬರೆದವಳಲ್ಲ. ಬೀಗ ಹಾಕಿದ್ದಾಳೆ, ಅಷ್ಟೇ!

ನನ್ನನ್ನು ಮನೆಯೊಳಗೆ ಕೂಡಿ ಆ ಬೀಗ ಹಾಕಿದ್ದು ಸೋಮವಾರವೋ ಬುಧವಾರವೋ, ಈಗ ಖಚಿತವಿಲ್ಲ. ಹಾಕೆಂದು ನಾನೇ ಬೇಡಿಕೊಂಡಿದ್ದೆನೋ ಏನೋ, ಅದೂ ಖಚಿತವಿಲ್ಲ. ಆಧಾರವಿಲ್ಲದೆ ಏನನ್ನೂ ನಂಬಬಾರದೆಂದು ಧಾರವಾಡದಲ್ಲಿ ಎಂ.ಎ. ಓದುವಾಗ ಕಲಿಸಿದ್ದರು. ಉಳಿದದ್ದೆಲ್ಲ ಮರೆತುಹೋಗಿ ಇದೊಂದು ನಿಂತಿದೆ. ಹಾಗಾಗಿ ನನ್ನ ನೆನಪನ್ನೇ ನಾನು ನಂಬುವುದಿಲ್ಲ.

ನನ್ನದು ಮನೆಯಲ್ಲೇ ಕೂತು ಊರವರಿಗೆಲ್ಲ ಬರೆದುಕೊಡುವ ಕೆಲಸ. ಮೇಲೆ ಸಾಹೇಬರಿಲ್ಲ, ಹಾಗೆಂದು ರಜೆಯೂ ಇಲ್ಲ. ಕುಷ್ಟಗಿಯವರ ಮದುವೆ ಕಾರ್ಡು, ಯಲಬುರ್ಗಾದ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸು, ಗಂಗಾವತಿಯ ಅಂಗಡಿಯ ಕೀಟನಾಶಕದ ಕರಪತ್ರ, ಎಲ್ಲದರ ಹಿಂದೆಯೂ ನಾನೇ. ನನ್ನ ಸ್ವಂತದ್ದೊಂದು ಕತೆ ಮಾತ್ರ ಎಷ್ಟೋ ದೀಪಾವಳಿಗಳಿಂದ ಮೊದಲ ಪುಟದಲ್ಲೇ ಕಾಲು ಚಾಚಿ ಮಲಗಿತ್ತು. ಆ ವರ್ಷ ದೀಪಾವಳಿ ವಿಶೇಷಾಂಕದ ಸಂಪಾದಕರು, "ವಾರದೊಳಗೆ ಕಳಿಸಿ, ಇಲ್ಲದಿದ್ದರೆ ಬಿಡಿ" ಎಂದರು. ಬಿಡಿ ಎನ್ನುವಾಗ ಅವರ ದನಿಯಲ್ಲಿ ಉತ್ಸಾಹ ಹೆಚ್ಚಿದ್ದಂತೆ ಕಂಡಿತು.

ಮನೆಯಲ್ಲಿ ಇರುವವರು ಅತ್ತೆ, ನಾನು ಇಬ್ಬರೇ. ನಾನು ಬರೆಯಲು ಕೂತಾಗಲೆಲ್ಲ ಅವಳದೊಂದೇ ಪ್ರಶ್ನೆ.

"ತಮ್ಮಾ, ಇದು ನಿಂದೋ, ಮಂದೀದೋ?"

"ಮಂದೀದು ಅತ್ತಿ."

"ಹಂಗಾರ ಎದ್ದು ಬೆಳ್ಳೊಳ್ಳಿ ಸುಲಿ."

ನಂದು ಎಂದರೆ ಚಹಾ ಬರುತ್ತಿತ್ತು. ಚಹಾದ ಆಸೆಗೆ ಕೀಟನಾಶಕವನ್ನೂ ನಂದೇ ಎಂದದ್ದುಂಟು!

ಪುರಸೊತ್ತಿಲ್ಲ, ಬಂದವರು ಏಳುವುದಿಲ್ಲ, ಎದುರು ಮನೆಯ ಹೊಲಿಗೆ ಯಂತ್ರ ತಲೆ ತಿನ್ನುತ್ತದೆ ಎಂದು ದಿನವೂ ಅವಳೆದುರು ಗೊಣಗುತ್ತಿದ್ದೆ. ಯಂತ್ರ ಆಪಾಳದು. ಬ್ಲೌಸು ಹೊಲಿಯುವ ಅವಳನ್ನು ಇಡೀ ಓಣಿ ಆಪಾ ಎಂದೇ ಕರೆಯುತ್ತದೆ. ಕೊನೆಗೊಂದು ಮುಂಜಾನೆ ಅತ್ತೆ ಬೀಗ ಹಿಡಿದು ನಿಂತಳು.

"ಕುಕನೂರಿಗೆ ತಂಗಿ ಮನಿಗೆ ಹೋಗಿ ಸಂಜಿಕ ಬರ್ತೀನಿ. ಹೊರಗಿಂದ ಬೀಗ ಹಾಕ್ತೀನಿ, ನೋಡಿದ ಮಂದಿ ಹೊಳ್ಳಿ ಹೋಗ್ತಾರ. ರೊಟ್ಟಿ, ಪುಂಡಿಪಲ್ಯ ಅದಾವ. ಬರಿ!"

"ಬೆಂಕಿ ಬಿದ್ರ?"

"ನೀ ಬರದದ್ದು ಏನೈತಿ ಸುಡಾಕ?"

ನನ್ನ ಫೋನನ್ನು ಜೋಳದ ಡಬ್ಬಿಯಲ್ಲಿ ಹೂತಿಟ್ಟು ಹೊರಟೇಹೋದಳು.

ಇಡೀ ದಿನ ನನ್ನದು! ಬರೆದೆನೇ? ಫ್ಯಾನು ಒರೆಸಿದೆ. ಬಿಸಿಲು ಏರುವ ಮೊದಲೇ ರೊಟ್ಟಿ ಮುಗಿಸಿದೆ. ಓಣಿ ಗಪ್ಪಾಗಿತ್ತು, ಯಂತ್ರದ ಸದ್ದೂ ಇರಲಿಲ್ಲ. ಇಷ್ಟು ಮೌನದಲ್ಲಿ ಯಾರಿಗಾದರೂ ಬರೆಯಲು ಬಂದೀತೇ ಎಂದು ಸಿಟ್ಟು ಬಂತು. (ಸದ್ದು ಇರಲಿಲ್ಲವೋ, ನನಗೆ ಕೇಳಿಸಲಿಲ್ಲವೋ? ದೀಪಾವಳಿ ಎದುರಿಗಿರುವಾಗ ಯಾವ ಹೊಲಿಗೆ ಯಂತ್ರ ಸುಮ್ಮನಿರುತ್ತದೆ? ಇದೂ ಅನುಮಾನದ ಪಟ್ಟಿಗೇ.)

ಅಷ್ಟರಲ್ಲಿ ಸಿದ್ದಾಪುರದ ರೈಸ್‌ಮಿಲ್ಲಿನ ಸಾಹುಕಾರರು ಕಾರಿನಲ್ಲಿ ಬಂದಿಳಿದರು. ಬೀಗ ನೋಡಿ ನನಗೆ ಫೋನು ಹಚ್ಚಿದರು. ಒಳಗೆ ಜೋಳದ ಡಬ್ಬಿ ಗುಡುಗಿತು. ನಾನು ಉಸಿರು ಬಿಗಿಹಿಡಿದೆ.

"ಫೋನ್ ಮನ್ಯಾಗ ಬಿಟ್ಟು ಹೋಗ್ಯಾರ" ಎಂದರು ಡ್ರೈವರಿಗೆ. "ಇರ್ಲಿ ಬಿಡು. ಅಕ್ಕಿ ಚೀಲದ ಮ್ಯಾಲ ನಾವ ಹಾಕ್ಸೋಣು, 'ನಮ್ಮ ಅಕ್ಕಿ ಉಂಡವರು ಮತ್ತೆಂದೂ ಏನೂ ಉಣ್ಣಲಿಲ್ಲ' ಅಂತ."

ತಡೆಯಲಾಗಲಿಲ್ಲ. ಕಿಟಕಿಗೆ ಮುಖ ಹಚ್ಚಿ ಕೂಗಿದೆ, "ಸಾವ್ಕಾರ್ರ, ಹಂಗ ಬ್ಯಾಡ್ರಿ! ಉಂಡವರು ಸತ್ತಂಗ ಕೇಳ್ತೈತಿ!"

ಸಾಹುಕಾರರು ಹಿಂದಕ್ಕೆ ಹಾರಿದರು. "ಸರ! ನಿಮ್ಮನ್ನ ಯಾರರ ಕೂಡಿ ಹಾಕ್ಯಾರೇನ್ರಿ?"

"ಬರ್ಯಾಕ ಕುಂತೀನ್ರಿ."

"ಬರದ್ರ ಕೂಡಿ ಹಾಕ್ತಾರ? ಅಂಥಾದ್ದೇನ್ ಬರದೀರಿ?"

ಕಿಟಕಿಯ ಸರಳುಗಳ ನಡುವೆಯೇ ಅವರಿಗೊಂದು ಸಾಲು ಬರೆದುಕೊಟ್ಟೆ. ಅವರು ಹೋದ ಮೇಲೆ ನನಗೇ ನಾಚಿಕೆಯಾಗಿ ಕತೆಗೆ ಕೂತೆ. ಸಂಜೆಗೆ ಒಂದು ಪುಟವಾಗಿತ್ತು.

ಅತ್ತೆ ಬೀಗ ತೆಗೆದಳು. "ಬರದಿ?"

"ಒಂದು ಪುಟ."

"ನಿಂದೋ, ಮಂದೀದೋ?"

"ನಂದು ಅತ್ತಿ. ಅಕ್ಕೀದು ಬ್ಯಾರೆ."

ಯಾವ ಅಕ್ಕಿ ಎಂದು ಅವಳು ಕೇಳಲಿಲ್ಲ. ಚಹಾ ಇಟ್ಟಳು. ಸೆರಗಿಗೆ ಕೆಂಪು ದಾರವೊಂದು ಅಂಟಿತ್ತು. ಕುಕನೂರು ಬಸ್ಸಿನಲ್ಲಿ ಏನೆಲ್ಲ ಅಂಟುತ್ತದೋ ಎಂದುಕೊಂಡೆ.

ಆ ಪುಟದ ಬಾಲ ಹಿಡಿದು ಉಳಿದದ್ದೂ ಬಂತು. ಕತೆ ಸಮಯಕ್ಕೆ ಮುಟ್ಟಿತು, ಅಚ್ಚೂ ಆಯಿತು. ಮೊನ್ನೆ ಇದನ್ನು ಬರೆಯಲು ಕೂತಾಗ ಆ ಯಂತ್ರದ ಅನುಮಾನ ಮತ್ತೆ ಕಾಡಿತು. ಎದ್ದು ಹೋಗಿ, ಅತ್ತೆ ಕುಕನೂರಿಗೆ ಹೋಗಿದ್ದ ದಿನ ಯಂತ್ರ ನಡೆದಿತ್ತೇ ಎಂದು ಆಪಾಳನ್ನೇ ಕೇಳಿದೆ.

"ಯಾವ ಕುಕನೂರ್ರಿ!" ಎಂದು ಆಪಾ ನಕ್ಕಳು. "ಮುಂಜಾನಿಂದ ಇಲ್ಲೇ ಕುಂತಿದ್ಲು ನಿಮ್ಮತ್ತಿ, ಕೀಲಿಕೈ ಉಡಿಯಾಗ ಇಟ್ಕೊಂಡು. ನಿಮ್ಮ ಬಾಗ್ಲ ಬಿಟ್ಟು ಕಣ್ಣು ಸರೀಲಿಲ್ಲ. ಸಾವ್ಕಾರ ಬಂದಾಗ ಹಣಿಹಣಿ ಬಡ್ಕೊಂಡ್ಲು. 'ಮನಿಗೆ ಹೋಗಬೇ' ಅಂದ್ರ, 'ಬೆಂಕಿ ಗಿಂಕಿ ಬಿದ್ರ ಲಗೂನ ತೆಗೀಬೇಕಲ್ಲವಾ' ಅಂತಾಳ!"

"ಮತ್ತ ಮಷೀನು?"

"ಮುಟ್ಟಾಕ ಬಿಟ್ರ ತಾನs? 'ನಮ್ಮ ಹುಡುಗ ತನ್ನದು ಬರ್ಯಾಕ ಹತ್ಯಾನ' ಅಂದ್ಲು. ಹಬ್ಬದ ಕೆಲಸ ನಿಂತ್ರ ಹೆಂಗಬೇ ಅಂದೆ. ನನ್ನ ಬಾಜೂಕ ಕುಂತು, ಸಂಜೀತನಕ ಬ್ಲೌಸಿಗೆ ಕೈಲೆ ಹುಕ್ಕು ಹಚ್ಚಿದ್ಲು."

ವಾರ ಯಾವುದೆಂಬುದು ಇನ್ನೂ ಗೊತ್ತಾಗಿಲ್ಲ. ಆದರೆ ಆ ದಿನ ಯಂತ್ರ ನಿಂತಿತ್ತು. ವಿಚಾರಿಸಿದ್ದೇನೆ.